ಎಡಗಡೆ ಸೀಟಿಗೆ ಬ್ರೇಕಿಲ್ಲ

ಜೀಪಿನ ಎಡಗಡೆ ಸೀಟಿಗೆ ಬ್ರೇಕಿಲ್ಲ. ಅದು ಗೊತ್ತಿದ್ದೂ ನಾನು ಆ ಸೀಟಲ್ಲಿ ಕೂತಾಗೆಲ್ಲ ಬಲಗಾಲಲ್ಲಿ ಕೆಳಗಿನ ತಗಡು ಒತ್ತುತ್ತಲೇ ಇರುತ್ತೇನೆ. ಹೆಂಗಸರಿಗೆ ಡ್ರೈವಿಂಗ್ ಕಲಿಸೋಕೆ ಶುರು ಮಾಡಿದ ಮೇಲೆ ಅಂಟಿದ ಚಾಳಿ ಇದು.

ನನಗೆ ಐವತ್ತಾಗುತ್ತಾ ಬಂತು. ನಮ್ಮನೆಯವರ ಕಣ್ಣು ಮಂಜಾದ ಮೇಲೆ, ಬಸರೀಕಟ್ಟೆ ಸುತ್ತಿನ ತೋಟಗಳಿಗೆ ಕೆಲಸದವರನ್ನು ಬಿಡುವ ನಮ್ಮ ಜೀಪಿನ ಸ್ಟೇರಿಂಗ್ ನನ್ನ ಕೈಗೆ ಬಂತು. ಸ್ವಲ್ಪ ಸಮಯಕ್ಕೆ ಒಬ್ಬಳು ಬಂದು, "ಅಕ್ಕ, ನಂಗೂ ಕಲಿಸ್ತೀರಾ?" ಅಂದಳು. ಕಲಿಸಿದೆ. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಬೇಗಾರಿನಿಂದೆಲ್ಲ ಬಸ್ಸು ಹತ್ತಿ ಬರತೊಡಗಿದರು. "ನಮ್ಮನೆ ಮೇಷ್ಟ್ರು ಹೊರಟ್ರು" ಅಂತ ನಮ್ಮನೆಯವರು ಚುಡಾಯಿಸುತ್ತಾರೆ. ಚುಡಾಯಿಸಲಿ, ನನಗೆ ಖುಷಿಯೇ. ಮಕ್ಕಳು ದೊಡ್ಡವರಾದ ಮೇಲೆ ಬೆಳಿಗ್ಗೆ ಯಾಕಾದರೂ ಏಳಬೇಕು ಅನ್ನಿಸುತ್ತಿದ್ದವಳು ಈಗ ಕೋಳಿಗಿಂತ ಮೊದಲು ಏಳುತ್ತೇನೆ.

ಆದರೆ ಹೋದ ಕಾಫಿ ಕೊಯ್ಲಿನಲ್ಲಿ ನನ್ನ ನಿದ್ದೆಯೇ ಹಾರಿಹೋಗಿತ್ತು. ನರಸಿಂಹರಾಜಪುರದ ಒಂದು ಶಾಲೆಯವರು ಮಕ್ಕಳ ವ್ಯಾನಿಗೆ ಹೆಂಗಸು ಡ್ರೈವರನ್ನು ಹುಡುಕುತ್ತಿದ್ದರು. "ನೀವು ಕಲಿಸಿದವರಲ್ಲಿ ಇಂಥವರು ಆಗಬಹುದು ಅಂದ್ರೆ ಸಾಕು, ಬೇರೆ ಎಂತದೂ ಕೇಳೋದಿಲ್ಲ" ಅಂತ ಫೋನಲ್ಲಿ ಹೇಳಿದರು. ನನ್ನ ಹತ್ತಿರ ಕಲಿತವರಲ್ಲಿ ಒಬ್ಬಳಿಗೆ ಆ ಕೆಲಸ ಬೇಕೇ ಬೇಕಿತ್ತು. ಗಂಡನ ಮನೆ ಬಿಟ್ಟು ಬಂದು, ಅತ್ತಿಗೆಯ ಕೊಂಕು ಮಾತಿನ ನಡುವೆ ಅನ್ನ ಉಣ್ಣುತ್ತಿದ್ದವಳು. ಲೈಸೆನ್ಸು ಇತ್ತು, ಕೈ ಪಳಗಿತ್ತು. ಒಂದೇ ಕಷ್ಟ. ದಾರಿ ಬದಿಯಲ್ಲಿ ದೇವರ ಕಟ್ಟೆ ಕಂಡರೆ ಅವಳ ಎರಡೂ ಕೈ ಸ್ಟೇರಿಂಗ್ ಬಿಟ್ಟು ಎದ್ದುಬಿಡುತ್ತಿದ್ದವು.

ನಗಬೇಡಿ. ನಮ್ಮ ಕಡೆ ಚೌಡಿಕಟ್ಟೆ ದಾಟುವಾಗ ಕೈ ಮುಗಿಯದವರಿಲ್ಲ. ಬಸ್ಸಿನ ಡ್ರೈವರುಗಳು ಒಂದು ಹಾರ್ನ್ ಹೊಡೆದು, ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಸುಧಾರಿಸುತ್ತಾರೆ. ಇವಳಿಗೆ ಎರಡೂ ಕೈ ಜೋಡಿಸಬೇಕು, ಸಾಲದ್ದಕ್ಕೆ ಕಣ್ಣೂ ಮುಚ್ಚಬೇಕು! ಕೊಪ್ಪದ ದಾರಿಯಲ್ಲಿ ನಮ್ಮ ಚೌಡಮ್ಮ ಕೂತಿರುವುದೋ ಸರಿಯಾಗಿ ಇಳಿಜಾರಿನ ತಿರುವಿನಲ್ಲಿ. ಹಿಂದಿನ ವಾರ ಅಲ್ಲೇ ಅವಳು ಕೈ ಮುಗಿದಳು, ಮುಂದಿನ ಚಕ್ರ ಚರಂಡಿಗಿಳಿಯಿತು.

"ಎಂತ ಮಾರಾಯ್ತಿ, ನಮ್ಮಿಬ್ಬರನ್ನೂ ಚೌಡಮ್ಮನ ಪಾದಕ್ಕೇ ಸೇರಿಸ್ತೀಯಾ?" ಅಂತ ಕಿರುಚಿದೆ.

ಅವಳು ಅಳುತ್ತಾ, "ಮುಗೀದೆ ಹೋದ್ರೆ ಏನಾದ್ರೂ ಆಗ್ತದಲ್ಲ ಅಕ್ಕ" ಅಂದಳು. ಆ ಹೆದರಿಕೆ ನನಗೇನು ಕಮ್ಮಿ ಇದೆಯಾ?

ಶಾಲೆಯವರಿಗೆ ಉತ್ತರ ಕೊಡುವ ದಿನ ಬಂತು. ಹೂಂ ಅಂದುಬಿಟ್ಟು, ವ್ಯಾನು ತುಂಬ ಮಕ್ಕಳಿರುವಾಗ ಇವಳು ಕೈ ಎತ್ತಿದರೆ? ಅವರಮ್ಮಂದಿರಿಗೆ ಯಾವ ಮುಖ ತೋರಿಸಲಿ? ಊಹೂಂ ಅಂದರೆ ಇವಳಿಗೆ ಯಾವ ಮುಖ ತೋರಿಸಲಿ? ಬೆಳಿಗ್ಗೆ ಕೆಲಸದವರನ್ನು ತೋಟಕ್ಕೆ ಬಿಟ್ಟುಬಂದು, ಖಾಲಿ ಜೀಪನ್ನು ಅವಳ ಕೈಗೆ ಕೊಟ್ಟೆ. "ಕೊಪ್ಪಕ್ಕೆ ನಡಿ. ಇವತ್ತು ನಾನು ತುಟಿ ಬಿಚ್ಚೋದಿಲ್ಲ."

ತುಟಿ ಬಿಚ್ಚದೆ ಕೂರುವುದು ಎಂಥ ಶಿಕ್ಷೆ ಅಂತ ಅವತ್ತು ಗೊತ್ತಾಯಿತು. ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಇಳಿಜಾರು ಶುರುವಾಯಿತು, ಅವಳು ಗೇರ್ ಇಳಿಸಿದಳು, ಸರಿ. ಮರಗಳ ನಡುವೆ ಚೌಡಮ್ಮನ ಕೆಂಪು ಬಟ್ಟೆ ಕಂಡಿತು. ಸ್ಟೇರಿಂಗ್ ಮೇಲೆ ಅವಳ ಬೆರಳು ಸಡಿಲವಾದವು. ಕಂಡೆ ನಾನು, ಕಣ್ಣಾರೆ ಕಂಡೆ. ನನ್ನ ಕಾಲು ತಗಡನ್ನು ಒತ್ತಿ ಹಿಡಿಯಿತು. ಬೆರಳು ಮತ್ತೆ ಬಿಗಿಯಾದವು. ಹಾರ್ನ್ ಹೊಡೆದಳು.

"ಅಕ್ಕ, ನಂದೂ ಸೇರಿಸಿ ನೀವೇ ಮುಗೀರಿ!"

ಮುಗಿಯಲು ನನ್ನ ಕೈ ಕಂಬಿ ಬಿಟ್ಟರೆ ತಾನೆ?

"ಬೇಗ ಮುಗೀರಿ ಅಂದೆ, ದಾಟಿ ಹೋಗ್ತದೆ!" ನನ್ನನ್ನೇ ಗದರಿಸಿದಳು, ಕಳ್ಳಿ.

ಕಂಬಿ ಬಿಟ್ಟೆ. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದೆ. ಆ ಸೀಟಲ್ಲಿ ಕೂತು ನಾನು ಕಣ್ಣು ಮುಚ್ಚಿದ್ದು ಅದೇ ಮೊದಲು. ಕಣ್ಣು ಬಿಟ್ಟಾಗ ತಿರುವು ಹಿಂದೆ ಉಳಿದಿತ್ತು, ಜೀಪು ನೆಟ್ಟಗೆ ಹೋಗುತ್ತಿತ್ತು.

"ನಾಳೆ ನಾನಿರೋದಿಲ್ಲವಲ್ಲೇ, ಆಗ?" ಅಂತ ಕೇಳಿದೆ.

"ಮಕ್ಕಳಿರ್ತಾವಲ್ಲ ಅಕ್ಕ. ಟೀಚರಮ್ಮನ ಪರವಾಗಿ ಮುಗೀರೋ ಅಂತೀನಿ. ಅವರ ಕೈ ಖಾಲಿ ಇರ್ತದಲ್ಲ."

ಡ್ರೈವರ್ ಅನ್ನಲಿಲ್ಲ, ತನ್ನನ್ನೇ ಟೀಚರಮ್ಮ ಅಂದುಕೊಂಡಳು ನೋಡಿ! ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕೊಪ್ಪ ಮುಟ್ಟಿ, ಚಹಾ ಕುಡಿಯುವ ಮೊದಲೇ ಶಾಲೆಗೆ ಫೋನ್ ಮಾಡಿ ಆಗಬಹುದು ಅಂದೆ.

ಈಗ ಅವಳು ನರಸಿಂಹರಾಜಪುರದಲ್ಲೇ ರೂಮು ಮಾಡಿಕೊಂಡಿದ್ದಾಳೆ. ವ್ಯಾನು ಶಾಲೆ ಮುಟ್ಟಿದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಅದು ಬರುವವರೆಗೆ ನಾನು ದೋಸೆ ಹೊಯ್ಯುತ್ತಾ ಒಲೆ ಮುಂದೆ ನಿಂತಿರುತ್ತೇನೆ, ಬಲಗಾಲಲ್ಲಿ ಅಡುಗೆಮನೆಯ ನೆಲ ಒತ್ತಿಕೊಂಡು.