ಉದಯಪುರಕ್ಕೆ ಹೋಗಿ ಜೈಪುರದಿಂದ ಬರುವುದು

ನನ್ನ ಅಕ್ಕನಿಗೆ ಒಂಟೆಯ ಮೇಲೆ ಕೂರುವ ಆಸೆಯಿದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅವಳಿಗೆ ಅರವತ್ತೊಂದು ತುಂಬಿತ್ತು. ಹೂಟಗಳ್ಳಿಯ ಅವಳ ಮನೆಯ ಹಾಲಿನಲ್ಲಿ ಇಬ್ಬರೂ ಅವರೆಕಾಳು ಹಿಚುಕುತ್ತ ಕೂತಿದ್ದೆವು. ಟೀವಿಯಲ್ಲಿ ಯಾವುದೋ ಮರಳುಗಾಡು ಬಂತು. ಅಕ್ಕ ಕೈ ನಿಲ್ಲಿಸಿದಳು. "ಒಂದ್ಸಲ ಅಲ್ಲಿಗೋಗಿ ಒಂಟೆ ಮೇಲೆ ಕೂರ್ಬೇಕು ಕಣೇ" ಅಂದಳು. ಅಂದವಳೇ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಮತ್ತೆ ಕಾಳು ಹಿಚುಕತೊಡಗಿದಳು.

"ಮರಳು ನೋಡೋಕೆ ಅಷ್ಟು ದೂರ ಯಾಕೆ? ತಲಕಾಡಿಲ್ವಾ?" ಎಂದರು ಭಾವ, ಪೇಪರಿನ ಹಿಂದಿನಿಂದ.

"ಅದೆಂಥ ಮರಳು ಬುಡಿ. ನಾಲ್ಕು ಹೆಜ್ಜೆ ಹಾಕೋದ್ರೊಳಗೆ ದೇವಸ್ಥಾನ ಬಂದ್ಬುಡ್ತದೆ."

ನನ್ನ ಕೈಯಲ್ಲಿದ್ದ ಕಾಳು ಹಾರಿ ಭಾವನ ಪೇಪರಿಗೆ ಬಡಿಯಿತು. ಅಷ್ಟು ನಕ್ಕಿದ್ದೆ. ನಕ್ಕು ಮುಗಿಯುವುದರೊಳಗೆ ನನ್ನ ತೀರ್ಮಾನವೂ ಮುಗಿದಿತ್ತು. ಇವಳನ್ನು ಒಂಟೆಯ ಮೇಲೆ ಕೂರಿಸಿಯೇ ತೀರಬೇಕು.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಶಾಲೆ ಬಿಟ್ಟು ನನ್ನನ್ನು ಸಾಕಿದವಳು ಅವಳು. ಅವಳು ಊರು ಬಿಟ್ಟು ಹೋದದ್ದೆಲ್ಲ ಇನ್ನೊಬ್ಬರ ಕೆಲಸಕ್ಕೇ: ಯಾರದೋ ಬಾಣಂತನ, ಯಾರದೋ ತಿಥಿ, ಯಾರದೋ ಮಗುವಿನ ಹರಕೆ. ತಿರುಪತಿಗೆ ಮೂರು ಸಲ ಹೋಗಿದ್ದಾಳೆ, ಮೂರು ಸಲವೂ ಬೇರೆಯವರ ಮುಡಿ ಕೊಡಿಸಲು. ಸುಮ್ಮನೆ, ತನಗೆ ಬೇಕು ಅಂತ ಅವಳು ಎಲ್ಲಿಗೂ ಹೋಗಿರಲಿಲ್ಲ. ಇದನ್ನು ಐವತ್ತು ವರ್ಷದ ನಾನು ಅವತ್ತೇ ಮೊದಲ ಬಾರಿಗೆ ಲೆಕ್ಕಕ್ಕೆ ತಂದುಕೊಂಡೆ ಎಂಬುದಕ್ಕೆ ನನಗೆ ನಾಚಿಕೆಯಾಯಿತು.

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಮಾಡಿದ ಮಾಲನ್ನು ಪರೀಕ್ಷಿಸಿ ತಪ್ಪು ಹುಡುಕುವುದು. ತಪ್ಪು ಹುಡುಕುವವಳಿಂದ ತಪ್ಪಾಗುವುದಿಲ್ಲ ಎಂಬ ಧಿಮಾಕು ನನಗೆ ಮೊದಲಿನಿಂದಲೂ ಇದೆ. ಮೂರು ವಾರ ಕ್ಯಾಂಟೀನಿನಲ್ಲಿ ಊಟ ಆರಿಹೋಗುವಷ್ಟು ಹೊತ್ತು ಫೋನು ಉಜ್ಜಿ ದಾರಿ ಗೊತ್ತುಮಾಡಿದೆ. ಬೆಂಗಳೂರಿನಿಂದ ಉದಯಪುರಕ್ಕೆ ವಿಮಾನ. ಅಲ್ಲಿಂದ ಜೋಧಪುರ, ಜೈಸಲ್ಮೇರ್, ಮರಳು, ಒಂಟೆ. ಆಮೇಲೆ ರೈಲಿನಲ್ಲಿ ಜೈಪುರ, ಜೈಪುರದಿಂದ ವಿಮಾನದಲ್ಲಿ ವಾಪಸ್. ಹೋದ ಊರಿಗೇ ಮತ್ತೆ ಮರಳುವ ಗೋಜಿಲ್ಲ. ಎಂಥ ಚೆಂದದ ದಾರಿ! ಸಹೋದ್ಯೋಗಿಗಳಿಗೆಲ್ಲ ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿ ತಲೆ ತಿಂದೆ.

ಎಲ್ಲ ಗೊತ್ತಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ವಿಜಯನಗರದ ನನ್ನ ಮನೆಯಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಟಿಕೆಟ್ಟು ಅವಳ ಕಣ್ಣೆದುರೇ ಆಗಬೇಕೆಂದು ನನ್ನ ಹಟ. ಭಾವ ಆಧಾರ್ ಕಾರ್ಡ್ ಹಿಡಿದು, ಮೇಷ್ಟ್ರು ಹಾಜರಿ ಕೂಗುವಂತೆ ಹುಟ್ಟಿದ ತಾರೀಖು ಓದಿದರು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಅಕ್ಕ ಅಂಗೈಯಿಂದ ಸ್ಕ್ರೀನು ಮುಚ್ಚಿದಳು.

"ಏನದು, ಒನ್ ವೇ?"

"ಹೋಗೋ ಟಿಕೆಟ್ಟು. ಬರೋದು ಬೇರೆ ಊರಿಂದ ಅಲ್ವಾ? ಅದನ್ನ ಆಮೇಲೆ ಬೇರೆ ತಗೋತೀನಿ."

"ಹೋಗೋದ್ನ ಮಾತ್ರ ಕೊಂಡ್ಕೊಂಡು, ಬರೋದ್ನ ಆಮೇಲೆ ನೋಡ್ಕೋತೀಯಾ?"

ಇದು ನನಗೆ ಹೊಳೆಯಬೇಕಿತ್ತು. ನಮ್ಮ ಮನೆಯಲ್ಲಿ ಯಾರೂ "ಹೋಗ್ತೀನಿ" ಅನ್ನುವಂತಿಲ್ಲ. ಮೂಲೆಯ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೊರಟರೂ "ಹೋಗ್ಬರ್ತೀನಿ" ಅನ್ನಬೇಕು. ಬಾಯಿ ತಪ್ಪಿದರೆ ಅಕ್ಕ ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸುತ್ತಾಳೆ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಅವಸರದಲ್ಲಿ "ಹೋಗ್ತೀನಿ ಅಕ್ಕ" ಎಂದು ಓಡಿದ್ದೆ. ಅವಳು ಬಸ್ ಸ್ಟಾಪಿನವರೆಗೂ ಅಟ್ಟಿಸಿಕೊಂಡು ಬಂದು, ಇಡೀ ಸ್ಟಾಪಿನೆದುರು ಸರಿಯಾಗಿ ಹೇಳಿಸಿಯೇ ಬಸ್ಸು ಹತ್ತಿಸಿದ್ದಳು. ಅಂಥವಳ ಮುಂದೆ ಬರೀ ಹೋಗುವ ಟಿಕೆಟ್ಟು ತೆರೆದಿಟ್ಟಿದ್ದೆ.

"ಬಸ್ಸಲ್ಲಿ ಹೋಗೋವಾಗ ಬರೋ ಟಿಕೆಟ್ಟೂ ತಗೋತೀವೇನಕ್ಕ?" ಎಂದು ವಾದಿಸಿದೆ.

"ಬಸ್ಸು ನೆಲದ ಮೇಲೆ ಓಡ್ತದೆ. ಅವ್ನು ಹತ್ತಿಸ್ಕೊಳ್ದಿದ್ರೆ ನಡ್ಕೊಂಡಾದ್ರೂ ಬರ್ಬೋದು."

"ರಾಜಸ್ಥಾನದಿಂದ ನಡ್ಕೊಂಡ್ ಬಂದ್ರೆ ಮುಂದಿನ ದಸರಾಕ್ಕೆ ಸರಿಯಾಗಿ ಮನೆ ಸೇರ್ತೀರಿ" ಎಂದರು ಭಾವ.

"ನೀವು ಸುಮ್ನಿರ್ರೀ!" ಅಂದೆವು ಇಬ್ಬರೂ ಒಟ್ಟಿಗೆ.

ಸರಿ, ಜಗಳ ಯಾಕೆ ಎಂದು ರೌಂಡ್ ಟ್ರಿಪ್ ಒತ್ತಿದೆ. ಹೋಗುವುದೂ ಬರುವುದೂ ಒಂದೇ ಟಿಕೆಟ್ಟಿನಲ್ಲಿ ಬಂತು. ಅಕ್ಕನ ಮುಖ ಅರಳಿತು. ಪುಟದ ಮೂಲೆಯಲ್ಲಿ ಗಡಿಯಾರ ಒಂದೊಂದೇ ಸೆಕೆಂಡು ಕಳೆಯುತ್ತ ನನ್ನನ್ನು ಹೆದರಿಸುತ್ತಿತ್ತು. ಹೆಸರು, ವಯಸ್ಸು, ಫೋನು ಎಲ್ಲ ದಡಬಡ ತುಂಬಿ, ಕಾರ್ಡು ಕೈಗೆತ್ತಿಕೊಂಡೆ. ಆಗ ಭಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಅಲ್ಲಮ್ಮ, ನೀವಿರೋದು ಜೈಪುರ್ದಲ್ಲಿ. ವಿಮಾನ ನಿಮ್ಮನ್ನ ಕಾಯೋದು ಉದಯಪುರ್ದಲ್ಲಿ. ಅದೆಂಗೆ?"

ಮೂರು ವಾರ ಕ್ಯಾಂಟೀನಿನ ತುಂಬ ಡಂಗುರ ಹೊಡೆದ ದಾರಿ ನನ್ನ ಕೈಯಿಂದಲೇ ಹಾಳಾಗುತ್ತಿತ್ತು. ತಪ್ಪು ಹುಡುಕುವ ನಾನು! ಹಿಂದಕ್ಕೆ ಹೋಗಿ ತಿದ್ದುವುದರೊಳಗೆ ಸಮಯ ಮುಗಿಯಿತು ಎಂದು ಪುಟ ಮಾಯವಾಯಿತು. ಮತ್ತೆ ತೆರೆದರೆ ದರ ಏರಿ ಕೂತಿದೆ.

ಅಕ್ಕ ನಿಧಾನವಾಗಿ ಎದ್ದಳು. "ನೋಡು, ಶಕುನವೇ ಸರಿಯಿಲ್ಲ. ನಂಗ್ಬೇಡ ಬುಡು. ನೀನು ನಿನ್ ಫ್ರೆಂಡ್ಸ್ ಜೊತೆ ಹೋಗ್ಬಾ."

ಈ "ನಂಗ್ಬೇಡ ಬುಡು" ನನಗೆ ಚೆನ್ನಾಗಿ ಗೊತ್ತು. ಹಬ್ಬದ ಸೀರೆಗೆ ಅದನ್ನೇ ಅನ್ನುತ್ತಾಳೆ, ಎರಡನೇ ದೋಸೆಗೂ ಅದನ್ನೇ. ನನ್ನ ಮೈ ಉರಿದುಹೋಯಿತು. "ಸರಿ, ಬೇಡ! ಯಾವತ್ತಿಗೂ ಬೇಡ! ಇಲ್ಲೇ ಕೂತ್ಕೊಂಡು ಟೀವಿಯಲ್ಲೇ ನೋಡು ನಿನ್ನ ಒಂಟೆನಾ!" ಎಂದು ಕಿರುಚಿ ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದೆ. ಅವಳು ಅಡುಗೆಮನೆಗೆ ಹೋದಳು. ಪಾತ್ರೆ ಕೂಡ ಸದ್ದು ಮಾಡಲಿಲ್ಲ. ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ.

ಭಾವ ಪೇಪರ್ ಮಡಿಸಿಟ್ಟು ರೂಮಿಗೆ ಹೋದರು. ಮಂಚದ ಕೆಳಗೆ ಕೈ ಹಾಕಿ ಒಂದು ಡಬ್ಬಿ ಎಳೆದು ತಂದು ನನ್ನ ಮುಂದಿಟ್ಟರು. ತೆರೆದರೆ, ಬೆಳ್ಳಗಿನ ಕ್ಯಾನ್ವಾಸ್ ಶೂ. ಗುಲಾಬಿ ಲೇಸು. ಜೀವಮಾನವಿಡೀ ಹವಾಯಿ ಚಪ್ಪಲಿಯಲ್ಲಿ ಕಳೆದ ನನ್ನ ಅಕ್ಕನದು!

"ಹದಿನೈದು ದಿನ ಆಯ್ತು ತಂದು" ಎಂದು ಪಿಸುಗುಟ್ಟಿದರು. "ಮರಳಲ್ಲಿ ನಡೆಯೋಕಂತೆ. ಬೆಳಗ್ಗೆ ಹಾಲು ಬರೋಕ್ಮುಂಚೆ ಹಾಕ್ಕೊಂಡು ತಾರಸಿ ಮೇಲೆ ಓಡಾಡ್ತಾಳೆ. ಕೆಳಗೆ ಮಲಗಿರೋ ನನ್ ತಲೆ ಮೇಲೆ ದಬದಬ ಅಂತದೆ. ನಂಗೊತ್ತಿಲ್ಲ ಅಂದ್ಕೊಂಡವ್ಳೆ, ಪಾಪ."

ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಬಿಕ್ಕಳಿಕೆ ಹತ್ತಿತು. ಶೂ ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತೆ.

"ಲೇಸು ಕಟ್ಟೋದು ಬರುತ್ತೇನಕ್ಕ?"

ಅವಳ ಮುಖ ನೋಡಬೇಕಿತ್ತು! "ನಿಮ್ ಬಾಯಿಗೆ ಬೀಗ ಹಾಕ!" ಎಂದು ಭಾವನ ಕಡೆ ಸೌಟು ಬೀಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಕ್ಕೂ ನಕ್ಕೂ ಸುಸ್ತಾಗಿ ಕಟ್ಟೆಗೆ ಒರಗಿದಳು. ಆಮೇಲೆ ಮೆಲ್ಲಗೆ ಅಂದಳು: "ಭಯ ಆಯ್ತದೆ ಕಣೇ. ಇಷ್ಟು ಆಸೆಪಟ್ಟು ಅಭ್ಯಾಸ ಇಲ್ಲ ನಂಗೆ. ಎಲ್ಲಿ ಕೆಟ್ಟೋಯ್ತದೋ ಅಂತ."

"ಕೆಡಲ್ಲ. ಬಾ ಇಲ್ಲಿ."

ಮೂವರೂ ಮತ್ತೆ ಕೂತೆವು. ಈ ಸಲ ಒಂದೊಂದೇ ಅಕ್ಷರ ಓದಿದೆ. ಮಲ್ಟಿ ಸಿಟಿ ಎಂಬ ಮೂರನೆಯ ಬಟನ್ನು ಮೊದಲಿನಿಂದಲೂ ಅಲ್ಲೇ ಇತ್ತು. ಒತ್ತಿದರೆ, ಹೋಗುವ ಊರು ಬೇರೆ, ಹೊರಡುವ ಊರು ಬೇರೆ, ಟಿಕೆಟ್ಟು ಮಾತ್ರ ಒಂದೇ. ಸ್ವಲ್ಪ ದುಬಾರಿಯಾಯಿತು, ಆಗಲಿ. ಅಕ್ಕ ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಓದಿದಳು. "ಬೆಂಗಳೂರು, ಉದಯಪುರ. ಜೈಪುರ, ಬೆಂಗಳೂರು. ಒಂದೇ ಕಾಗದ್ದಲ್ಲಿ ತಾನೇ?"

"ಒಂದೇ ಕಾಗದದಲ್ಲಿ."

"ಆಗ್ಲಿ, ಒತ್ತು."

ಒತ್ತಿದೆ. ಸೀಟು ಆರಿಸಿ ಎಂದು ವಿಮಾನದ ಹೊಟ್ಟೆಯ ನಕ್ಷೆ ತೆರೆಯಿತು, ಮೊಟ್ಟೆ ಇಡುವ ಟ್ರೇ ಥರ. "ಕೆಳಗೆ ನೋಡಿದ್ರೆ ನಿಂಗೆ ಗಾಬರಿಯಾಗುತ್ತೆ. ನೀನು ಮಧ್ಯ ಕೂತ್ಕೋ, ಕಿಟಕಿ ನಾನು ತಗೋತೀನಿ" ಎಂದೆ. ಯೋಚಿಸಿ ಅಂದದ್ದಲ್ಲ. ಬಸ್ಸಿನಲ್ಲಿ ಯಾವಾಗಲೂ ಹಾಗೆಯೇ ನಡೆದುಕೊಂಡು ಬಂದಿತ್ತು. ಮೊದಲು ಕಿಟಕಿ ನನ್ನದು, ಆಮೇಲೆ ಅವಳ ಮಕ್ಕಳದು, ಆಮೇಲೆ ಮೊಮ್ಮಕ್ಕಳದು. ಅವಳು ತೊಡೆಯ ಮೇಲೆ ಬ್ಯಾಗು ಹೇರಿಕೊಂಡು, ಕಂಬಿ ಹಿಡಿದು ಈ ತುದಿಯಲ್ಲಿ ಕೂರುವುದು.

"ಕಿಟಕಿ ನಂಗೆ" ಅಂದಳು ಅಕ್ಕ.

ನಾನು ತಿರುಗಿ ನೋಡಿದೆ. ಅವಳ ಕಣ್ಣು ಸ್ಕ್ರೀನಿನ ಮೇಲೇ ಇತ್ತು.

"ಆಯ್ತು. ಬರೋವಾಗ ನಾನು ಕೂರ್ಲಾ?"

ಅಭ್ಯಾಸಬಲದಿಂದ ಅವಳ ತಲೆ ಹೂಂ ಎಂದು ಅಲ್ಲಾಡಲು ಶುರುವಾದದ್ದೂ ನನಗೆ ಕಂಡಿತು. ಅದನ್ನವಳು ಅಲ್ಲೇ ತಡೆದಳು.

"ಊಹೂಂ. ಬರೋವಾಗ್ಲೂ ನಂಗೇ."

ಐವತ್ತು ವರ್ಷದಲ್ಲಿ ಅಕ್ಕ ನನ್ನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. ಎರಡೂ ಕಿಟಕಿಗಳನ್ನು ಅವಳ ಹೆಸರಿಗೆ ಒತ್ತಿದೆ. ಮೊಬೈಲಿಗೆ ಬಂದ ಒಟಿಪಿಯನ್ನು ಖುಷಿಯಲ್ಲಿ ನಾನು ಎರಡು ಸಲ ತಪ್ಪಾಗಿ ಒತ್ತಿದ್ದರಿಂದ, ಕೊನೆಗೆ ಭಾವನೇ ಒತ್ತಬೇಕಾಯಿತು.