ಅಂಚಿನಲ್ಲಿ ನಿಂತ ಅತ್ತೆ

ಹಾರ ಬಂತು. ಫ್ರೇಮ್ ಬಂತು. ಫ್ರೇಮಿನೊಳಗೆ ಹಾಕಲು ಅತ್ತೆಯ ಮುಖ ಮಾತ್ರ ಎಲ್ಲೂ ಸಿಗಲಿಲ್ಲ.

ಜಯಮ್ಮತ್ತೆ ನನ್ನ ಅಪ್ಪನ ತಂಗಿ. ಹೋದ ತಿಂಗಳು ಹೊಳೆನರಸೀಪುರದಲ್ಲಿ ತೀರಿಕೊಂಡಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನ ದೊಡ್ಡಪ್ಪನ ಮನೆಯಲ್ಲೇ ಬದುಕು ಮುಗಿಸಿದಳು. ತಿಥಿಯ ದಿನ ಎಡೆ ಇಡಬೇಕಲ್ಲ, ಎಡೆಯ ಹಿಂದೆ ಒಂದು ಫೋಟೋ ಬೇಕಲ್ಲ? ದೊಡ್ಡಪ್ಪನ ಮಗ ಮಂಜಣ್ಣ ಹಾಸನಕ್ಕೆ, ನನಗೆ, ಫೋನ್ ಮಾಡಿದ.

"ನಿನ್ತಾವ ಇದ್ದೇ ಇರ್ತದೆ ಕಣೆ. ಅಂಥಾ ಕ್ಯಾಮೆರಾ ಮಡಿಕಂಡಿದೀಯ, ಅತ್ತೇದು ಒಂದ್ ಫೋಟೋ ಇರಾಕಿಲ್ವಾ?"

ಇರುತ್ತದೆ ಅಂದೆ. ನಂಬಿಕೆಯಿಂದಲೇ ಅಂದೆ.

ನನ್ನ ಕ್ಯಾಮೆರಾದ ಹುಚ್ಚು ನಮ್ಮ ಕಡೆಯವರಿಗೆ ಹೊಸದಲ್ಲ. ಪುಟ್ಟ ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೆ ಕಳೆದ ವರ್ಷ ಕೊಂಡ ವೈಡ್ ಆ್ಯಂಗಲ್ ಲೆನ್ಸ್. (ಬೆಲೆ ಕೇಳಬೇಡಿ. ಮನೆಯವರಿಗೇ ಹೇಳಿಲ್ಲ.) ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು, ಆದರೆ ಕಣ್ಣಿಗೆ ಕಾಣುವುದಕ್ಕಿಂತ ಅಗಲ ನೋಡುತ್ತದೆ. ಇಕ್ಕಟ್ಟಾದ ಕೋಣೆಯನ್ನೂ ಇಡಿಯಾಗಿ ಹಿಡಿಯುತ್ತದೆ. ಪ್ರೈಮ್ ಲೆನ್ಸ್ ಆದ್ದರಿಂದ ಝೂಮ್ ಇಲ್ಲ. ಯಾರದಾದರೂ ಮುಖ ಹತ್ತಿರದಿಂದ ಬೇಕೆಂದರೆ ನಾವೇ ನಡೆದು ಹತ್ತಿರ ಹೋಗಬೇಕು.

ಅದರ ಮೊದಲ ದೊಡ್ಡ ಕೆಲಸ ಚನ್ನರಾಯಪಟ್ಟಣದಲ್ಲಿ, ಚಿಕ್ಕಪ್ಪನ ಮಗನ ಗೃಹಪ್ರವೇಶದಲ್ಲಿ. ಹಾಲ್ ಕಿರಿದು, ನಮ್ಮ ಬಳಗ ದೊಡ್ಡದು. ಮೊಬೈಲ್ ಹಿಡಿದವರೆಲ್ಲ ಗೋಡೆಗೆ ಬೆನ್ನು ಹಚ್ಚಿ ಸೋತರು. ನಾನು ನಿಂತೆ, ಇಡೀ ವಂಶವೇ ಫ್ರೇಮಿನೊಳಗೆ ಬಂತು! ಅತ್ತೆ ಮಾತ್ರ ಕೊನೆಯಲ್ಲಿ, ಬಾಗಿಲಿಗೆ ಅಂಟಿಕೊಂಡಂತೆ ನಿಂತಿದ್ದಳು.

"ಅತ್ತೆ, ಒಳಕ್ಕೆ ಬಾ, ಮಧ್ಯಕ್ಕೆ."

"ನಂದೇನವ್ವ, ನಾನಿಲ್ಲೇ ನಿಂತ್ಕತೀನಿ. ಒಸ ಮನೆ, ಮುತ್ತೈದೇರು ನಿಂತ್ಕಳ್ಳಿ ಮಧ್ಯಕ್ಕೆ."

ಯಾರಾದರೂ ಕೈಹಿಡಿದು ಎಳೆದುಕೊಂಡರೇ? ಇಲ್ಲ. ಎಷ್ಟು ತಿಳಿವಳಿಕೆಯ ಹೆಂಗಸು ಎಂಬಂತೆ ಎಲ್ಲರೂ ತಲೆಯಾಡಿಸಿದರು. ನಾನೂ ಕ್ಲಿಕ್ ಮಾಡಿದೆ. ಆ ಫೋಟೋ ನಮ್ಮ ಫ್ಯಾಮಿಲಿ ಗ್ರೂಪಿನ ಡಿಪಿ ಆಯಿತು.

ಮಂಜಣ್ಣನ ಫೋನ್ ಇಟ್ಟವಳೇ ಅದನ್ನು ತೆರೆದು ಅತ್ತೆಯ ಮುಖವನ್ನು ದೊಡ್ಡದು ಮಾಡಿದೆ. ಮುಖ ಅಡ್ಡಕ್ಕೆ ಎಳೆದುಕೊಂಡು, ಒಂದು ಕೆನ್ನೆ ಇನ್ನೊಂದರ ಎರಡರಷ್ಟಾಗಿತ್ತು. ವೈಡ್ ಲೆನ್ಸ್‌ಗಳ ಜಾಯಮಾನವೇ ಅದು. ಮಧ್ಯದಲ್ಲಿ ಇರುವವರು ಚೆಂದ, ಅಂಚಿನಲ್ಲಿ ಇರುವವರು ಹಿಗ್ಗಿಹೋಗುತ್ತಾರೆ. ಕೊಳ್ಳುವ ಮುಂಚೆ ಯೂಟ್ಯೂಬಿನಲ್ಲಿ ರಿವ್ಯೂ ನೋಡಿದ್ದೆನಲ್ಲ? ಅಂಚಿನ ಕಟ್ಟಡ ವಾಲುತ್ತದೆ, ಕಂಬ ಬಾಗುತ್ತದೆ ಎಂದು ಗಂಟೆಗಟ್ಟಲೆ ಹೇಳಿದ್ದರು. ಅಂಚಿನಲ್ಲಿ ಅತ್ತೆಯಂದಿರು ನಿಲ್ಲುತ್ತಾರೆಂದು ಅವರಿಗೇನು ಗೊತ್ತು?

ಬಳಗದ ಎಲ್ಲ ಮನೆಗಳಲ್ಲೂ ಹಳೆಯ ಆಲ್ಬಮ್‌ಗಳನ್ನು ಕೆಳಗಿಳಿಸಿದೆವು. ನಮ್ಮ ಮನೆಯ ಅಷ್ಟೂ ಕೂಸುಗಳಿಗೆ ಮೊದಲ ಎಣ್ಣೆನೀರು ಹಾಕಿದವಳು ಅತ್ತೆ. ಎಳೆಗೂಸು ಮೀಯಿಸುವ ಫೋಟೋ ಪ್ರತಿಯೊಂದು ಆಲ್ಬಮ್ಮಿನಲ್ಲೂ ಇದೆ. ಚಾಚಿದ ಎರಡು ಕಾಲು, ಕಾಲ ಮೇಲೆ ಕೂಸು, ಕೂಸಿನ ಬೆನ್ನ ಕೆಳಗೆ ಎರಡು ಕೈ. ಕತ್ತಿನಿಂದ ಮೇಲೆ ಫೋಟೋ ಮುಗಿದಿದೆ. ನಾನೂ ಆ ಕಾಲ ಮೇಲೆ ಮಲಗಿದ್ದೇನೆ, ನನ್ನ ಮಗಳೂ ಮಲಗಿದ್ದಾಳೆ. ಕಾಲು ಯಾರದೆಂದು ಯಾರೂ ಬರೆದಿಟ್ಟಿಲ್ಲ.

ಗುರುತಿನ ಚೀಟಿ? ಅದರಲ್ಲಿ ನಾವ್ಯಾರೂ ನಮ್ಮ ಹಾಗೆ ಇರುವುದಿಲ್ಲ. (ನಿಮ್ಮದನ್ನೇ ಒಮ್ಮೆ ತೆಗೆದು ನೋಡಿ.) ದೊಡ್ಡದು ಮಾಡಿಸಿದರೆ ಬರೀ ಮಸಿ.

ಮದುವೆ ಫೋಟೋ? ಇತ್ತಂತೆ. ಮಾವ ತೀರಿಕೊಂಡಾಗ ಗೋಡೆಗೆ ಹಾಕಲು ಅದರಿಂದ ಅವರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದರಂತೆ. ಪಕ್ಕದಲ್ಲಿದ್ದ ಅರ್ಧ ಏನಾಯಿತೋ ಯಾರಿಗೂ ನೆನಪಿಲ್ಲ.

ಕೊನೆಗೆ ಚನ್ನರಾಯಪಟ್ಟಣದ ಆ ಫೋಟೋವನ್ನೇ ಹಾಸನದ ಒಂದು ಸ್ಟುಡಿಯೋಗೆ ಕೊಟ್ಟೆ. ಕಂಪ್ಯೂಟರಿನಲ್ಲಿ ಕೆನ್ನೆ ಕುಗ್ಗಿಸಿದರು, ಮೂಗು ನೆಟ್ಟಗೆ ಮಾಡಿದರು, ಕೇಳದೆಯೇ ಬಣ್ಣವನ್ನೂ ಬೆಳ್ಳಗೆ ಮಾಡಿದರು. ಯಾವುದೋ ಆಫೀಸಿನ ಮ್ಯಾನೇಜರ್ ಮೇಡಂ ಥರದ ಹೆಂಗಸೊಬ್ಬಳು ಫ್ರೇಮಿನೊಳಗಿಂದ ನಗುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ತೆಗೆದುಕೊಂಡು ಹೋದೆ.

ತಿಥಿಯ ದಿನ ಕುರ್ಚಿಯ ಮೇಲೆ ಆ ಫೋಟೋ, ಅದಕ್ಕೆ ಹಾರ, ಮುಂದೆ ಬಾಳೆಲೆಯಲ್ಲಿ ಎಡೆ. ಅತ್ತೆಗೆ ಇಷ್ಟವೆಂದು ಒಬ್ಬಟ್ಟು, ಅವರೆಕಾಳು ಸಾರು, ಎಲೆಅಡಿಕೆ. ದೊಡ್ಡಮ್ಮನನ್ನು ತೋಳು ಹಿಡಿದು ಕರೆತಂದರು. ಒಂದೇ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಇಡೀ ಆಯುಸ್ಸು ಸವೆಸಿದ ಅತ್ತಿಗೆ ಅವಳು. ಫೋಟೋದ ಹತ್ತಿರ ಬಗ್ಗಿ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

"ಇದ್ಯಾರವ್ವ ಇವ್ಳು?"

ಎಡೆಯ ಕಡೆ ಕೈ ತೋರಿಸಿದಳು.

"ನಮ್ ಜಯಿ ಎಡೇನ ಯಾರ ಮುಂದ್ಕೋ ಇಕ್ಕಿದೀರಲ್ರೋ. ಅವ್ಳು ಬಂದ್ರೆ ಉಣ್ಣೋದೆಂಗೆ?"

"ಬುಡವ್ವ, ಓಗ್ಲಿ. ಯಾರ್ ನೋಡ್ತಾರೆ ಈಗ?" ಎಂದ ಮಂಜಣ್ಣ.

ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಹೇಳಿದ್ದು ಸುಳ್ಳೇನಲ್ಲವಲ್ಲ? ಬದುಕಿದ್ದಾಗ ಯಾರು ನೋಡಿದ್ದರು? ನನಗೆ ಊಟ ಸೇರಲಿಲ್ಲ, ಅಷ್ಟೆ.

ಊಟ ಮುಗಿದ ಮೇಲೆ, ಎಲ್ಲರೂ ಸೇರಿದ್ದೀವಿ, ಇನ್ಯಾವಾಗ ಸೇರುತ್ತೇವೋ, ಒಂದು ಗ್ರೂಪ್ ಫೋಟೋ ಆಗಲಿ ಎಂಬ ಮಾತು ಎದ್ದಿತು. ಕ್ಯಾಮೆರಾ ತೆಗೆದೆ. ಸಾಲು ಕಟ್ಟಿತು. ನಮ್ಮ ಲತಾ ಯಾರೂ ಹೇಳದೆ ನೇರ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಲತಾ ಮಂಜಣ್ಣನ ತಂಗಿ. ಅರಕಲಗೂಡಿನಿಂದ ಮಲ್ಲಿಪಟ್ಟಣಕ್ಕೆ ದಿನಾ ಸ್ಕೂಟರ್ ಓಡಿಸಿಕೊಂಡು ಹೋಗಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರಮ್ಮ. ಗಂಡ ತೀರಿಕೊಂಡು ಎರಡು ವರ್ಷವಾಯಿತು.

"ಲತಾ, ಮಧ್ಯಕ್ಕೆ ಬಾರೆ."

"ಬ್ಯಾಡ ಕಣೆ. ಇಲ್ಲೇ ಸರಿ ನಂಗೆ. ಸುಮ್ನೆ ಯಾಕೆ ಮಾತು?"

ಗೃಹಪ್ರವೇಶವಾದರೆ ಏನೋ ಒಂದು ನೆಪ. ಇದು ತಿಥಿ ಮನೆ! ಇಲ್ಲಿ ಯಾವ ಶುಭ ಕೆಡಬೇಕಿತ್ತು? ಕೇಳಿದೆ, ಜೋರಾಗಿಯೇ ಕೇಳಿದೆ. ಮಧ್ಯದಲ್ಲಿದ್ದವರು ಸೆರಗು ಸರಿಮಾಡಿಕೊಂಡು ಲೆನ್ಸ್ ಕಡೆ ನೋಡುತ್ತಾ ನಿಂತರು. ಒಬ್ಬರಾದರೂ ಅರ್ಧ ಹೆಜ್ಜೆ ಸರಿದು ಜಾಗ ಬಿಡಲಿಲ್ಲ.

ಸಾಲನ್ನು ಅಲ್ಲೇ ಬಿಟ್ಟು ಲತಾಳ ಕಡೆ ನಡೆದೆ. ಹಿಂದಿನಿಂದ ಕೂಗು ಕೇಳಿಸಿತು: "ಅಯ್ಯೋ, ಅಷ್ಟ್ ಅತ್ರ ಓದ್ರೆ ನಾವ್ಯಾರೂ ಬರಾಕಿಲ್ಲ ಕಣೆ, ಇಂದಕ್ಕೆ ಬಾ!" ನಿಲ್ಲಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೋದೆ. ಇವಳದಾದರೂ ಒಂದು ಮುಖ ಇರಲಿ ಎಂದು ಫೋಕಸ್ ಮಾಡಿದೆ.

"ನಂದ್ಯಾಕೆ ಈಗ?" ಎಂದು ಲತಾ ಮುಖಕ್ಕೆ ಕೈ ಅಡ್ಡ ಹಿಡಿದಳು. ಅದೇ ಹೊತ್ತಿಗೆ ನನ್ನ ಬೆರಳೂ ಒತ್ತಿತು.

ಲೆನ್ಸ್ ಒಳ್ಳೆಯದೇ ಬಿಡಿ, ಅಂಗೈಯ ಗೆರೆ ಒಂದೊಂದೂ ಸ್ಪಷ್ಟವಾಗಿ ಬಂದಿದೆ.