ಟಾರ್ನೀಟ್ ದಾಟಿ ಕಡವೆಯ ಕಣಿವೆಗೆ

ಏಪ್ರಿಲ್ ಕೊನೆಯ ಗುರುವಾರ, ಬೆಳಕು ಹರಿಯುವ ಮೊದಲೇ ಸಿಡ್ನಿಯ ದಿ ಪಾಂಡ್ಸ್‌ನಿಂದ ನಮ್ಮ ಕಾರು ಹೊರಟಿತು. ಕಾಲೇಜಿರುವ ಮಗಳು ಅನನ್ಯಾ ಮನೆಯಲ್ಲೇ ಉಳಿದಳು. ಹಿಂದಿನ ಸೀಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಂಡನ ಕ್ಯಾಮರಾ, ದಪ್ಪ ಜಾಕೆಟ್ಟುಗಳು. ಡಿಕ್ಕಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗೆ ನನ್ನ ರೈಫಲ್, ಇನ್ನೊಂದು ಬೀಗದ ಡಬ್ಬಿಯಲ್ಲಿ ಗುಂಡುಗಳು. ಮೆಲ್ಬರ್ನ್ ಅಲ್ಲಿಂದ ಸುಮಾರು ಒಂಬೈನೂರು ಕಿಲೋಮೀಟರ್.

ನಾನು ಫಿಸಿಯೋಥೆರಪಿಸ್ಟ್. ವಾರವೆಲ್ಲ ಬೇರೆಯವರ ಮಂಡಿ, ಬೆನ್ನು ನೋಡುವವಳು ಶನಿವಾರ ಬಂದರೆ ದೂರದ ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತೇನೆ. ನೆಲಕ್ಕೆ ಹೊಟ್ಟೆ ಊರಿ ಮಲಗಿ, ಒಂಬೈನೂರು ಮೀಟರ್ ಆಚೆ ನಿಲ್ಲಿಸಿದ ಗುರಿಹಲಗೆಯ ಕಪ್ಪು ವೃತ್ತಕ್ಕೆ ಹೊಡೆಯುವುದು. ಅಷ್ಟು ದೂರದಲ್ಲಿ ಗುಂಡನ್ನು ಗಾಳಿ ಎತ್ತ ತಳ್ಳುತ್ತದೆ ಎಂದು ಊಹಿಸುವುದರಲ್ಲೇ ಆ ಆಟದ ರುಚಿ. ಜೀವವಿರುವ ಯಾವುದರ ಕಡೆಗೂ ನಾನು ಬಂದೂಕು ತಿರುಗಿಸಿದವಳಲ್ಲ. ಈ ಪ್ರಯಾಣ ಮಾತ್ರ ಮೊದಲ ಬೇಟೆಗೆಂದೇ ಆಗಿತ್ತು.

ಕರೆದವಳು ಹರಿಣಾಕ್ಷಿ. ಕಾರ್ಕಳದ ಕಡೆಯ ತುಳು ಹೆಂಗಸು, ಈಗ ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಮನೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಂದು ಸ್ಪರ್ಧೆಯಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಮಲಗಿ ಹೊಡೆದಿದ್ದಳು. ಅವಳೂ ಕಾಗದದ ಗುರಿಯಿಂದಲೇ ಶುರು ಮಾಡಿ ಬೇಟೆಗೆ ಹೊರಳಿದವಳು. ಅವಳ ಮಾತು ಕೇಳಿ ನಾನು ಒಂದು ಹಗುರವಾದ ರೈಫಲ್ ಕೊಂಡು ವರ್ಷವಿಡೀ ಅಭ್ಯಾಸ ಮಾಡಿದೆ, ವಿಕ್ಟೋರಿಯಾದ ಬೇಟೆ ಲೈಸೆನ್ಸ್ ಮಾಡಿಸಿದೆ. ಆದರೂ ಒಂದು ಭಯ ಬಿಟ್ಟಿರಲಿಲ್ಲ. ಕಾಗದದ ಮೇಲೆ ಗುಂಡು ಆಚೀಚೆ ಬಿದ್ದರೆ ಒಂದು ಅಂಕ ಹೋಗುತ್ತದೆ. ಅಲ್ಲಿ ಹಾಗಾದರೆ ಒಂದು ಪ್ರಾಣಿ ಗಾಯ ಹೊತ್ತು ಕಾಡಿನಲ್ಲಿ ನರಳುತ್ತದೆ.

ನನ್ನ ಗಂಡ ಬಸವರಾಜ ಧಾರವಾಡದವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನನ್ನ ತವರು ಬೆಳಗಾವಿಯಲ್ಲಿ ಭಾನುವಾರ ಬಂದರೆ ಮಟನ್ ಸಾರು. ಮದುವೆಯಾದ ಮೇಲೆ ನಾನು ಹೊರಗಡೆ ತಿನ್ನುತ್ತೇನೆ, ಅವರು ಕೇಳುವುದಿಲ್ಲ. ಈ ಬೇಟೆಗೆ ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. "ನಾ ಬರೂದು ಹಕ್ಕಿ ಫೋಟೋ ತಗಿಯಾಕ. ನಿನ್ನ ಕಾರಭಾರ ನಿನಗ ಬಿಟ್ಟದ್ದು" ಎಂದು ಸ್ಟಿಯರಿಂಗ್ ಹಿಡಿದರು.

ಬಂದೂಕಿರುವ ಕಾರನ್ನು ಬಿಟ್ಟು ಹೋಗುವ ಹಾಗಿಲ್ಲ. ಗೌಲ್‌ಬರ್ನ್‌ನಲ್ಲಿ ನಾನು ಕಾಫಿ ಕುಡಿದು ಬರುವವರೆಗೆ ಅವರು ಕಾರಿನಲ್ಲಿ. ಗಂಡಗೈಯಲ್ಲಿ ಅವರು ಬಿಸಿಲಿಗೆ ಕಾಲು ಚಾಚಿ ಬರುವವರೆಗೆ ನಾನು. ರೊಟ್ಟಿಯನ್ನಷ್ಟೇ ಒಟ್ಟಿಗೆ ತಿಂದೆವು, ಅದೂ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿಕೊಂಡು. ಆಲ್ಬರಿಯಲ್ಲಿ ಮರ್ರಿ ನದಿ ದಾಟಿ ವಿಕ್ಟೋರಿಯಾಕ್ಕೆ ಬಂದಾಗ ಸಣ್ಣ ಮಳೆ. ಸಂಜೆ ಟಾರ್ನೀಟ್ ತಲುಪಿದರೆ, ಒಂದೇ ಥರದ ಮನೆಗಳ ಸಾಲಿನಲ್ಲಿ ಹರಿಣಾಕ್ಷಿ ಬಾಗಿಲಲ್ಲೇ ನಿಂತು ಕೈ ಬೀಸುತ್ತಿದ್ದಳು.

ಬಸವರಾಜರು ಚಪ್ಪಲಿ ಬಿಡುವಾಗಲೇ ಶುರು ಮಾಡಿದರು. "ಅಲ್ರೀ, ಹೆಸರು ಹರಿಣಾಕ್ಷಿ. ಜಿಂಕಿ ಕಣ್ಣಿನಾಕಿ. ಹೊಡಿಯೂದು ಅದರ ಬಳಗಾನ!"

"ಎಂತ ಮಾಡುದು ಬಸಣ್ಣ, ಹೆಸರು ಇಟ್ಟದ್ದು ನನ್ನ ಅಜ್ಜಿ" ಎಂದು ಅವಳು ನಕ್ಕಳು. ನನ್ನ ರೈಫಲ್ಲನ್ನು ತನ್ನ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿ, ನೀರು ದೋಸೆಗೆ ಒಲೆ ಹಚ್ಚಿದಳು. ಊಟಕ್ಕೆ ಕೂತಾಗ ನಾವು ಹುಡುಕಿಕೊಂಡು ಹೊರಟ ಪ್ರಾಣಿಯ ಕಥೆ ಬಂತು. ಅದು ನಮ್ಮೂರ ಕಾಡಿನ ಕಡವೆಯೇ. ಹಿಂದಿನ ಕಾಲದಲ್ಲಿ ಬ್ರಿಟಿಷರು ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಇಲ್ಲಿ ಬಿಟ್ಟರಂತೆ. ಹುಲಿಯಿಲ್ಲದ ನಾಡಿನಲ್ಲಿ ಬೆಳೆದು ಬೆಟ್ಟವೆಲ್ಲ ತುಂಬಿವೆ. ಎಳೆ ಗಿಡಗಳನ್ನು ಮೇಯ್ದು, ಒರತೆಗಳನ್ನು ತುಳಿದು ಕೆಸರು ಮಾಡುತ್ತವೆ.

"ಅಂದ್ರ ಇವೂ ನಮ್ಮ ಕಡಿಯಾವ್ರ! ಇಲ್ಲೇ ಕಾಯಂ ಇರಾಕ ಪಿಆರ್ ಆಗೇತೇನ್ರೀ ಇವಕ್ಕ?" ಎಂದರು ಬಸವರಾಜರು.

"ಇವು ವೀಸಾವೇ ಇಲ್ಲದೆ ಬಂದದ್ದು ಮಾರಾಯ್ರೆ!"

ಶುಕ್ರವಾರ ಮೂವರೂ ಈಶಾನ್ಯಕ್ಕೆ ಹೊರಟೆವು. ಮೂರು ಗಂಟೆಗೂ ಮಿಕ್ಕ ದಾರಿ. ಬಯಲು ಮುಗಿದು ಬೆಟ್ಟ ಎದ್ದವು. ರಸ್ತೆಯ ಬದಿಯ ಪಾಪ್ಲರ್ ಮರಗಳು ಹಳದಿಯಾಗಿದ್ದವು. ನಾವು ಉಳಿದದ್ದು ಮಾರ್ಗರೆಟ್ ಎಂಬ ಹಿರಿಯ ರೈತ ಮಹಿಳೆಯ ಜಮೀನಿನ ಗುಡಿಸಲಲ್ಲಿ. ಅವಳ ದನದ ಹುಲ್ಲುಗಾವಲಿನ ಆಚೆಗೇ ಕಡಿದಾದ ಕಣಿವೆ. ಹರಿಣಾಕ್ಷಿಗೆ ಅಲ್ಲಿ ಬೇಟೆಯಾಡಲು ಅನುಮತಿ ಇತ್ತು.

ಮಧ್ಯಾಹ್ನ ಅವಳು ನನ್ನನ್ನು ಗುಡ್ಡಕ್ಕೆ ಕರೆದೊಯ್ದಳು. ಮಣ್ಣಿನ ದಿಬ್ಬಗಳ ಮುಂದೆ ಬೇರೆ ಬೇರೆ ದೂರದಲ್ಲಿ ಊಟದ ಕಾಗದದ ತಟ್ಟೆಗಳನ್ನು ಸಿಕ್ಕಿಸಿದ್ದಳು. ಕಡವೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚು ಕಡಿಮೆ ಅಷ್ಟೇ ಅಗಲ.

"ಇಲ್ಲಿ ಚಾಪೆ ಇಲ್ಲ, ಗಾಳಿ ತೋರಿಸ್ಲಿಕ್ಕೆ ಬಾವುಟ ಇಲ್ಲ, ಮೊದಲು ಎರಡು ಗುಂಡು ಹೊಡೆದು ನೋಡ್ಲಿಕ್ಕೂ ಇಲ್ಲ. ಗುಡ್ಡ ಹತ್ತಿ ಬನ್ನಿ, ಕೂತುಕೊಳ್ಳಿ, ಒಂದೇ ಗುಂಡು. ಯಾವ ದೂರದಲ್ಲಿ ಮೊದಲ ಗುಂಡೇ ಪ್ರತಿ ಸಲ ತಟ್ಟೆಗೆ ಬೀಳ್ತದೋ, ಅದು ನಿಮ್ಮ ಗಡಿ ಆಯ್ತಾ?"

ನಾನು ಏದುಸಿರು ಬಿಡುತ್ತ ಹತ್ತಿದೆ, ಕೂತೆ, ನಾನೂರು ಮೀಟರಿನ ತಟ್ಟೆಗೆ ಹೊಡೆದೆ. ತಟ್ಟೆ ಬೆಳ್ಳಗೆ ಹಾಗೇ ನಿಂತಿತ್ತು. ಇನ್ನೊಮ್ಮೆ ಹತ್ತಿ ಬಂದು ಹೊಡೆದರೆ ಅಂಚಿನ ಆಚೆ. ಒಂಬೈನೂರು ಮೀಟರಿನಲ್ಲಿ ಕಪ್ಪು ವೃತ್ತ ತಪ್ಪದವಳಿಗೆ ಊಟದ ತಟ್ಟೆ ಸಿಗಲಿಲ್ಲ! ನನಗೆ ನಗು ತಡೆಯಲಿಲ್ಲ, ಹರಿಣಾಕ್ಷಿಗೂ ನಗು. ಸಂಜೆಯವರೆಗೆ ಹತ್ತಿ ಇಳಿದು ಕಡೆಗೆ ಇನ್ನೂರೈವತ್ತು ಮೀಟರಿನಲ್ಲಿ ಒಂದೂ ತಪ್ಪಲಿಲ್ಲ. ಅದೇ ನನ್ನ ಗಡಿ ಎಂದು ಇಬ್ಬರೂ ಒಪ್ಪಿದೆವು. ಕಾಲು ನೋಯುತ್ತಿದ್ದವು, ಮನಸ್ಸು ಹಗುರಾಗಿತ್ತು.

ಶನಿವಾರ ನಸುಕಿನಲ್ಲಿ ಕಣಿವೆಯ ನೆತ್ತಿಯ ಮೇಲೆ ಕೂತೆವು. ಹುಲ್ಲಿನ ಮೇಲೆ ಹಿಮ ಕಟ್ಟಿತ್ತು. ಮೂವರ ತಲೆಯ ಮೇಲೂ ಕಿತ್ತಳೆ ಟೋಪಿ. ಬಸವರಾಜರು ಹಕ್ಕಿಗೆಂದು ತಂದ ದುರ್ಬೀನಿನಲ್ಲಿ ಎದುರಿನ ಇಳಿಜಾರು ನೋಡುತ್ತಿದ್ದವರು ನನ್ನ ತೋಳು ಮುಟ್ಟಿದರು. "ಸುಮಾ, ಆ ಸುಟ್ಟ ಮರದ ಎಡಕ್ಕ ನೋಡ. ಒಂದು ಕಿವಿ ಅಳ್ಳಾಡತೈತಿ."

ಹೆಣ್ಣು ಕಡವೆ. ಅದು ಎರಡು ಹೆಜ್ಜೆ ಇಟ್ಟಿದ್ದೇ ತಡ, ಹಿಂದಿನಿಂದ ಸಣ್ಣ ಮರಿ ಹೊರಬಂತು. ರೈಫಲ್ಲನ್ನು ಯಾರೂ ಮುಟ್ಟಲಿಲ್ಲ. ಅವು ಮೇಯುತ್ತ ಪೊದೆಯೊಳಗೆ ಹೋಗುವವರೆಗೆ ಸುಮ್ಮನೆ ನೋಡಿದೆವು.

ಸೂರ್ಯ ಬಂದ ಮೇಲೆ, ಆಚೆ ದಿಣ್ಣೆಯ ಅಂಚಿಗೆ ದೊಡ್ಡ ಗಂಡು ಬಂದು ನಿಂತಿತು. ಕಪ್ಪಗಿನ ಮೈ, ಅಗಲ ಕೊಂಬು, ಪಕ್ಕೆ ಪೂರ್ತಿ ನಮ್ಮ ಕಡೆಗೆ. ದೂರ ಅಳೆಯುವ ಲೇಸರ್ ಐನೂರ ನಲವತ್ತು ಮೀಟರ್ ಎಂದಿತು. ನಾನು ಮಲಗಿ ರೈಫಲ್ಲಿನ ದುರ್ಬೀನಿನ ಗೆರೆಯನ್ನು ಅದರ ಭುಜದ ಹಿಂದೆ ಕೂರಿಸಿದೆ. ಕ್ಲಬ್ಬಿನ ರೇಂಜಿನಲ್ಲಾಗಿದ್ದರೆ ಅದು ನನಗೆ ಹತ್ತಿರದ ಗುರಿ. ಬೆರಳು ಟ್ರಿಗರ್‌ನ ಪಕ್ಕದಲ್ಲೇ ಇತ್ತು. ಆದರೆ ನಮ್ಮ ಬಳಿಯ ಹುಲ್ಲು ಎಡಕ್ಕೆ ಬಾಗಿತ್ತು, ಕಣಿವೆಯ ನಡುವಿನ ಮಂಜು ಬಲಕ್ಕೆ ಹರಿಯುತ್ತಿತ್ತು. ಗುಂಡು ಹೋಗಿ ಮುಟ್ಟುವಷ್ಟರಲ್ಲಿ ಅದು ಒಂದು ಹೆಜ್ಜೆ ಇಟ್ಟರೂ ಗುಂಡು ಹೊಟ್ಟೆಗೆ ಬೀಳುತ್ತದೆ.

"ಇದು ನನ್ನದಲ್ಲ" ಎಂದು ಗುಂಡು ಹೊರತೆಗೆದೆ.

ಅವಳು ನನ್ನ ಬೆನ್ನು ತಟ್ಟಿದಳು. "ಹಾಗಾದ್ರೆ ಹತ್ತಿರ ಹೋಗುವಾ."

ಹತ್ತಿರ ಹೋಗುವುದೆಂದರೆ ಕಣಿವೆ ಇಳಿದು, ಹೊಳೆ ದಾಟಿ, ಬ್ಲ್ಯಾಕ್‌ಬೆರಿ ಮುಳ್ಳಿನಲ್ಲಿ ನುಸುಳಿ ಇನ್ನೊಂದು ಬದಿ ಹತ್ತುವುದು. ಬಸವರಾಜರು ಕೆಸರಿನಲ್ಲಿ ಜಾರಿ ಕೂತಲ್ಲಿಂದಲೇ ಉದ್ದ ಬಾಲದ ಒಂದು ಲೈರ್ ಹಕ್ಕಿಯ ಫೋಟೋ ತೆಗೆದರು. ನಾವು ಮೇಲೆ ತಲುಪಿದಾಗ "ಪೊಂಕ್" ಎಂದು ಕಾಡೇ ಅದುರುವ ಹಾಗೆ ಒಂದು ಕೂಗು; ಗಂಡು ನಮ್ಮ ವಾಸನೆ ಹಿಡಿದು ಹೊರಟೇಹೋಗಿತ್ತು. ಉಳಿದದ್ದು ಮೆತ್ತನೆ ಮಣ್ಣಿನಲ್ಲಿ ಗೊರಸಿನ ಗುರುತು. ಅಲ್ಲೇ ಕೂತು ಚಟ್ನಿ ಬಳಿದ ರೊಟ್ಟಿ ತಿಂದೆವು. ಅಷ್ಟು ರುಚಿಯ ರೊಟ್ಟಿ ನಾನು ತಿಂದಿರಲಿಲ್ಲ.

ಮಧ್ಯಾಹ್ನ ಗಾಳಿ ನಿಂತಿತು. ಬಿಸಿಲು ಓರೆಯಾದಾಗ ಕಿರು ಕಣಿವೆಯೊಂದರ ಎದುರು ದಂಡೆಯ ಜರೀಗಿಡಗಳ ನಡುವೆ ಎಳೆಯ ಗಂಡೊಂದು ಮೇಯುತ್ತ ಬಂತು. ಮತ್ತೆ ಬಸವರಾಜರೇ ಕಂಡದ್ದು. ಇನ್ನೂರ ಹತ್ತು ಮೀಟರ್. ಚೀಲದ ಮೇಲೆ ರೈಫಲ್ ಇಟ್ಟೆ. ಅದು ತಲೆ ತಗ್ಗಿಸಿತು, ಅಡ್ಡಲಾಗಿ ನಿಂತಿತು. ಅರ್ಧ ಉಸಿರು ಬಿಟ್ಟು ಒತ್ತಿದೆ.

ಕಡವೆ ನೆಗೆದು ನಾಲ್ಕಾರು ಹೆಜ್ಜೆ ಓಡಿ ಗಿಡಗಳಲ್ಲಿ ಮುಳುಗಿತು. ಎರಡನೇ ಗುಂಡು ಏರಿಸಿಕೊಂಡು ಅದೇ ಜಾಗ ನೋಡುತ್ತ ಕಾದೆ. ಏನೂ ಅಲುಗಲಿಲ್ಲ. ಹೋಗಿ ನೋಡಿದಾಗ ಮಲಗಿತ್ತು, ಪ್ರಾಣ ಹೋಗಿತ್ತು. ಗುಂಡು ಬೀಳಬೇಕಾದಲ್ಲೇ ಬಿದ್ದಿತ್ತು. ನನಗೆ ಅಳು ಬಂತು, ಹಿಂದೆಯೇ ಬಿಡುಗಡೆಯಾದಂಥ ನಗು.

ಬಸವರಾಜರು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಬಾಯಾಗ ಇನ್ನೂ ಹುಲ್ಲೈತಿ ನೋಡ. ಅದಕ್ಕ ತಿಳಿಯೂದ್ರಾಗ ಮುಗದೈತಿ" ಎಂದರು. ಹರಿಣಾಕ್ಷಿ ಚಾಕು ತೆಗೆದು ನನಗೆ ಹೇಳಿಕೊಡತೊಡಗಿದಾಗ ಅವರು ಎದ್ದು ಹಕ್ಕಿ ನೋಡುವ ನೆಪದಲ್ಲಿ ಆಚೆ ಹೋದರು. ಸ್ವಲ್ಪ ಹೊತ್ತಿಗೆ ತಾವೇ ಬಂದು, ಮುಖ ಅತ್ತ ತಿರುಗಿಸಿಕೊಂಡೇ, ಕಾಲು ಹಿಡಿದು ಕೊಟ್ಟರು. ಮಾಂಸದ ಚೀಲಗಳಲ್ಲಿ ಎಲ್ಲಕ್ಕಿಂತ ಭಾರದ್ದನ್ನು ಗುಡ್ಡ ಹತ್ತಿಸಿದ್ದು ಅವರೇ. ಮಾರ್ಗರೆಟ್‌ಗೆ ಅವಳ ಪಾಲು ಕೊಟ್ಟೆವು. ಅವಳು ಬಸವರಾಜರ ಕೆಸರು ಮೆತ್ತಿದ ಪ್ಯಾಂಟು ನೋಡಿ ಮೊದಲು ಅವರಿಗೇ ಚಹಾ ಕೊಟ್ಟಳು.

ಭಾನುವಾರ ಟಾರ್ನೀಟ್‌ನಲ್ಲಿ ಹರಿಣಾಕ್ಷಿಯ ಗಂಡ ದಿನೇಶ್ ತೆಂಗಿನಕಾಯಿ ಹುರಿದು ಕಡವೆಯ ಸುಕ್ಕ ಮಾಡಿದರು. ಬಸವರಾಜರಿಗೆ ಬೇರೆ ಪಾತ್ರೆಯಲ್ಲಿ ಬದನೆಕಾಯಿ. ನಾನು ಮೊದಲ ತುತ್ತು ಬಾಯಿಗಿಡುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಹೆಂಗೈತಿ?" ಎಂದು ಕೇಳಿದರು. ಮದುವೆಯಾದಂದಿನಿಂದ ನನ್ನ ತಟ್ಟೆಯ ಮಾಂಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. "ಭಾಳ ಚಲೋ ಐತ್ರಿ" ಎಂದೆ. ಅವರಿಗೆ ಖುಷಿಯಾಯಿತು.

ಸೋಮವಾರ ಇಡೀ ದಿನದ ದಾರಿ. ಮಂಜುಗಡ್ಡೆ ತುಂಬಿದ ಡಬ್ಬದಲ್ಲಿ ನಮ್ಮ ಪಾಲು. ಸಂಜೆ ದಿ ಪಾಂಡ್ಸ್‌ನ ಮನೆಯ ಮುಂದೆ ಕಾರು ನಿಂತಾಗ ಮಗಳು ಅನನ್ಯಾ ಓಡಿ ಬಂದು ನನ್ನ ಕಡೆ ನೋಡಿ, "ಅಮ್ಮಾ, ಡಿಡ್ ಯು ಗೆಟ್ ಒನ್?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಬಸವರಾಜರು ಕಾರಿನಿಂದ ಅರ್ಧ ಇಳಿದು, ಬಾಗಿಲ ಮೇಲೆ ಕೈಯೂರಿ ನಿಂತು ಹೇಳಿದರು. "ಹೊಡದ್ವಿ! ಮೊದಲ ಒಂದು ದೊಡ್ಡದು ಬಂತು, ಬಿಟ್ವಿ. ಬಾ ಇಲ್ಲೆ, ಹೇಳ್ತೀನಿ."